ಆರು ತಿಂಗಳಲ್ಲಿ ಡಿಗ್ರಿ ಬೇಕು ಅಂದವರು

ಹೆಸರು, ಗುರುತು ಬದಲಿಸಿದ್ದೇನೆ. ಮಂಜಪ್ಪ ಅಂತ ಇಟ್ಟುಕೊಳ್ಳೋಣ. ವಯಸ್ಸು 34. ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. 2008ರಲ್ಲಿ ಬಿಎ ಸೇರಿದ್ದರು. ಮೊದಲ ವರ್ಷ ಪಾಸಾಗಿತ್ತು. ಅಷ್ಟರಲ್ಲಿ ಅಪ್ಪ ಹಾಸಿಗೆ ಹಿಡಿದರು, ಓದು ನಿಂತಿತು.

ಸಲಹೆ ಕೇಳಲು ಹೆಂಡತಿಯೇ ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ಮಂಜಪ್ಪ ಶರ್ಟಿನ ಜೇಬಿನಿಂದ ನಾಲ್ಕು ಮಡಿಕೆಯ ಪಾಂಪ್ಲೆಟ್ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಆರು ತಿಂಗಳಲ್ಲಿ ಡಿಗ್ರಿ, ಪರೀಕ್ಷೆಯ ಚಿಂತೆ ಇಲ್ಲ, ಅರ್ಧ ದುಡ್ಡು ಈಗ, ಉಳಿದದ್ದು ಮಾರ್ಕ್ಸ್ ಕಾರ್ಡ್ ಕೈಗೆ ಬಂದ ಮೇಲೆ.

"ಇದು ಅಸಲಿನಾ ನಕಲಿನಾ, ಅಷ್ಟು ಹೇಳಿ ಸಾಕು ಮೇಡಂ."

"ನನ್ನ ಸರ ಅಡ ಇಡ್ತಾರಂತೆ," ಅಂದರು ಹೆಂಡತಿ.

ಏಜೆಂಟ್ ವಾಟ್ಸಾಪ್‌ನಲ್ಲಿ ಕಳಿಸಿದ್ದ ಮಾದರಿ ಮಾರ್ಕ್ಸ್ ಕಾರ್ಡ್ ತೋರಿಸಿ ಅಂದೆ. ಅದರಲ್ಲಿ ಸೇರಿದ ವರ್ಷ ಮೂರು ವರ್ಷ ಹಿಂದಿನದು. "ಆ ವರ್ಷ ನೀವು ಎಲ್ಲಾದರೂ ಅಡ್ಮಿಷನ್ ಆಗಿದ್ರಾ? ಒಂದಾದರೂ ಪರೀಕ್ಷೆ ಬರೆದಿದ್ರಾ?" ಮಂಜಪ್ಪ ಫೋನ್ ತಿರುಗಿಸಿ ಇಟ್ಟರು. ಉತ್ತರ ಅವರಿಗೂ ಗೊತ್ತಿತ್ತು, ಸುಮ್ನೆ ಬೇರೆಯವರ ಬಾಯಲ್ಲಿ ಕೇಳಬೇಕಿತ್ತು ಅಷ್ಟೆ.

ಪದವಿ ಬೇಗ ಮುಗಿಸುವ ಕಾನೂನುಬದ್ಧ ದಾರಿ ಇಲ್ಲವೇ ಇಲ್ಲ ಅಂತಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2025ರ ನಿಯಮಗಳಲ್ಲಿ ವೇಗದ ಪದವಿಗೆ ಅವಕಾಶವಿದೆ. ಆದರೆ ಮೂರು ವರ್ಷದ ಪದವಿಯಲ್ಲಿ ಅದು ಉಳಿಸುವುದು ಒಂದೇ ಒಂದು ಸೆಮಿಸ್ಟರ್. ಅದೂ ಮೊದಲ ಅಥವಾ ಎರಡನೇ ಸೆಮಿಸ್ಟರ್ ಮುಗಿದ ಮೇಲೆ ಸಂಸ್ಥೆಯ ಸಮಿತಿ ನೋಡಿ ತೀರ್ಮಾನಿಸಬೇಕು, ಒಟ್ಟು ಸೀಟಿನ ಶೇ. 10ರಷ್ಟು ಮಂದಿಗೆ ಮಾತ್ರ. ಬಸ್ ಸ್ಟ್ಯಾಂಡ್ ಹತ್ತಿರದ ಏಜೆಂಟ್ ಕೈಯಲ್ಲಿ ಸಿಗುವ ವಸ್ತು ಅಲ್ಲ ಅದು.

ಇಷ್ಟು ಅವಸರ ಯಾಕೆ ಅಂತ ಕೇಳಿದಾಗಲೇ ನಿಜವಾದ ವಿಷಯ ಹೊರಬಿದ್ದಿದ್ದು. ಇವರಿಗೆ ಎಫ್‌ಡಿಎ, ಅಂದರೆ ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕ ಆಗಬೇಕು. ಅದಕ್ಕೆ ಪದವಿ ಬೇಕು. ಮೀಸಲಾತಿಯಲ್ಲಿ ಇವರು 2ಎ ಪ್ರವರ್ಗ, ವಯೋಮಿತಿ 38. "ಮೂರು ವರ್ಷ ಓದಿದ್ರೆ ಅಷ್ಟೊತ್ತಿಗೆ ನಂಗೆ ಮೂವತ್ತೇಳು. ಆಮೇಲೆ ಯಾವಾಗ ಕರೀತಾರೋ ಏನೋ." ಲೆಕ್ಕ ಬರೆಯುವವರು, ಲೆಕ್ಕ ಸರಿಯಾಗೇ ಹಾಕಿದ್ದರು. ಸರ್ಕಾರ ಆಗೊಮ್ಮೆ ಈಗೊಮ್ಮೆ ವಯಸ್ಸು ಸಡಿಲಿಸುತ್ತದೆ, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ನಕಲಿ ಕಾರ್ಡ್ ಇಟ್ಟುಕೊಂಡು ಆಯ್ಕೆಯಾದರಂತೂ ಅಂಕಪಟ್ಟಿ ನೈಜತೆ ಪರಿಶೀಲನೆಗೆ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಅಲ್ಲಿ ಸಿಕ್ಕಿಬಿದ್ದರೆ ಕೆಲಸವೂ ಇಲ್ಲ, ಮೇಲೆ ಪೊಲೀಸ್ ಕೇಸು.

ನಾನು ಹೇಳಿದ್ದು: ಅವಸರವನ್ನು ಪಿಯುಸಿ ಮೇಲೆ ಸಿಗುವ ಹುದ್ದೆಗಳ ಕಡೆ ತಿರುಗಿಸಿ. ಎಸ್‌ಡಿಎಗೆ (ದ್ವಿತೀಯ ದರ್ಜೆ ಸಹಾಯಕ) ಪಿಯುಸಿ ಸಾಕು, ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೂ ಸಾಕು. ಕೈಯಲ್ಲಿರುವ ಅರ್ಹತೆಗೆ ಈಗಿಂದಲೇ ಓದಲು ಶುರು ಮಾಡಿ. ಎಸ್‌ಡಿಎಗೆ ಓದಿದ್ದು ಎಫ್‌ಡಿಎಗೂ ಬರುತ್ತದೆ. ಡಿಗ್ರಿ ಅದರ ಪಾಡಿಗೆ ಪಕ್ಕದಲ್ಲಿ ನಡೆಯಲಿ.

ಡಿಗ್ರಿಗೆ ಎರಡು ದಾರಿ ನೋಡಿದೆವು. ಒಂದು ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿ. ಅದರ ಸತ್ರಾಂತ್ಯ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಎಪಿಎಂಸಿಗೆ ಮೆಕ್ಕೆಜೋಳ ಬಂದು ಬೀಳುವ ಕಾಲ. ರಾತ್ರಿ ಹತ್ತರವರೆಗೂ ಲೆಕ್ಕ ಮುಗಿಯಲ್ಲ, ರಜೆ ಕೇಳುವ ಮಾತೇ ಇಲ್ಲ. ಜೊತೆಗೆ ಇವರಿಗೆ ಕನ್ನಡದಲ್ಲೇ ಬರೆಯಬೇಕು. ಹಾಗಾಗಿ ಮೈಸೂರಿನ ಮುಕ್ತ ವಿವಿ ಹೆಚ್ಚು ಹೊಂದುತ್ತದೆ ಅನ್ನಿಸಿತು. ಅದರ ಪ್ರಾದೇಶಿಕ ಕೇಂದ್ರ ದಾವಣಗೆರೆಯಲ್ಲೇ ಇದೆ. ವೇಳಾಪಟ್ಟಿ ಬಂದ ದಿನವೇ ಮಾಲೀಕರಿಗೆ ತೋರಿಸಿ, ಹಿಂದಿನ ದಿನ ಕೇಳಬೇಡಿ ಅಂದೆ. ಕೆಲಸದಲ್ಲಿರುವವರಿಗೆ ಮೂರು ವರ್ಷ ಐದಾಗುವುದು ಜಾಸ್ತಿ ಇಂಥಲ್ಲೇ: ಒಂದು ಪರೀಕ್ಷೆ ತಪ್ಪುತ್ತದೆ, ಒಂದು ಅಸೈನ್‌ಮೆಂಟ್ ಉಳಿಯುತ್ತದೆ.

ಹಳೆಯ ಮೊದಲ ವರ್ಷ ಏನಾಯ್ತು ಅಂತ ಕೇಳಿದರು. ದಾವಣಗೆರೆ ವಿಶ್ವವಿದ್ಯಾನಿಲಯ ಆಗಿದ್ದೇ 2009ರಲ್ಲಿ. ಇವರು ಸೇರಿದ್ದು ಅದಕ್ಕೂ ಮೊದಲು, ಆಗ ಇಲ್ಲಿನ ಕಾಲೇಜುಗಳು ಕುವೆಂಪು ವಿವಿಗೆ ಸೇರಿದ್ದವು. ಆ ವಿವಿ ಇರುವ ಶಂಕರಘಟ್ಟದಲ್ಲಿ ಒಮ್ಮೆ ವಿಚಾರಿಸಿ, ಆದರೆ ಆಸೆ ಇಟ್ಟುಕೊಳ್ಳಬೇಡಿ ಅಂದೆ. ಓದಿ ಗಳಿಸಿದ ಕ್ರೆಡಿಟ್ ಕೂಡಿಡುವ ಎಬಿಸಿ ಎಂಬ ಕ್ರೆಡಿಟ್ ಬ್ಯಾಂಕಿನಲ್ಲೂ ಕ್ರೆಡಿಟ್‌ಗೆ ಸಾಮಾನ್ಯವಾಗಿ 7 ವರ್ಷವೇ ಆಯಸ್ಸು.

ಎರಡನೇ ಸಲ ಬಂದಾಗ ಪಾಂಪ್ಲೆಟ್ ಇರಲಿಲ್ಲ, ಬೇರೆ ತಲೆನೋವು ತಂದಿದ್ದರು. ದೂರಶಿಕ್ಷಣಕ್ಕೆ ಸೇರಲು ಈಗ ಯುಜಿಸಿಯ ದೂರಶಿಕ್ಷಣ ವಿಭಾಗದ ಡೆಬ್ ಐಡಿ ಬೇಕು, ಅದಕ್ಕೆ ಮೊದಲು ಆ ಕ್ರೆಡಿಟ್ ಬ್ಯಾಂಕಿನ ಎಬಿಸಿ ಐಡಿ. ಆಧಾರ್‌ನಲ್ಲಿ ಇವರ ಹೆಸರು ಬರೀ ಮಂಜಪ್ಪ, ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಮುಂದೆ ಎರಡು ಇನಿಷಿಯಲ್. ಇದನ್ನು ಹಾಗೇ ಬಿಟ್ಟರೆ ಮುಂದೆ ಪ್ರತಿ ಅರ್ಜಿಯಲ್ಲೂ ಅಡ್ಡ ಬರುತ್ತದೆ. ಮೊದಲು ಎಸ್‌ಎಸ್‌ಎಲ್‌ಸಿ ಕಾರ್ಡಿನಂತೆ ಆಧಾರ್ ತಿದ್ದಿಸಿ, ಆಮೇಲೆ ಎಬಿಸಿ, ಆಮೇಲೆ ಡೆಬ್ ಐಡಿ ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಚೀಟಿ ಹೆಂಡತಿ ಇಸಿದುಕೊಂಡರು. "ಇವ್ರ ಕೈಗೆ ಕೊಟ್ರೆ ಮಂಡಿಯಲ್ಲೇ ಉಳಿಯುತ್ತೆ ಮೇಡಂ, ಆಧಾರ್ ಸೆಂಟರ್‌ಗೆ ನಾನೇ ಕರ್ಕೊಂಡು ಹೋಗ್ತೀನಿ."