ರೂಟ್ ಕೆನಾಲ್ ಎರಡನೇ ಸಲ: ಹಲ್ಲು ಎಷ್ಟು ವರ್ಷ ಬರುತ್ತದೆ?

ಪ್ರಶ್ನೆ: ಮೇಲಿನ ಎಡಗಡೆ ದವಡೆ ಹಲ್ಲಿಗೆ ಏಳು ವರ್ಷದ ಹಿಂದೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದೆ. ಈಗ ಆರು ತಿಂಗಳಿಂದ ಅದರ ಮೇಲಿನ ವಸಡಿನಲ್ಲಿ ಸಣ್ಣ ಗುಳ್ಳೆ ಎದ್ದು, ಒಡೆದು, ಮತ್ತೆ ಏಳುತ್ತಿದೆ. ನೋವಿಲ್ಲ. ಒಬ್ಬ ಡಾಕ್ಟರು ಮತ್ತೊಮ್ಮೆ ರೂಟ್ ಕೆನಾಲ್ ಮಾಡೋಣ ಅಂತಾರೆ, ಇನ್ನೊಬ್ಬರು ಕೀಳಿಸಿ ಇಂಪ್ಲಾಂಟ್ ಹಾಕಿಸಿ ಅಂತಾರೆ. ಎರಡನೇ ಸಲ ಮಾಡಿಸಿದರೆ ಎಷ್ಟು ವರ್ಷ ಬರುತ್ತದೆ?
– ಓದುಗರು, ಮೂಡಿಗೆರೆ

ಉತ್ತರ: ಎರಡನೇ ಸಲ ಎಂದ ಮಾತ್ರಕ್ಕೆ ಹಲ್ಲಿನ ಆಯಸ್ಸು ಅರ್ಧವಾಯಿತು ಎಂದುಕೊಳ್ಳಬೇಡಿ. ಲಂಡನ್ನಿನ ಈಸ್ಟ್‌ಮನ್ ದಂತ ಸಂಸ್ಥೆಯವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕು ವರ್ಷದ ನಂತರವೂ ಶೇ 95ರಷ್ಟು ಹಲ್ಲುಗಳು ಬಾಯಲ್ಲೇ ಇದ್ದವು. ಮೊದಲ ಚಿಕಿತ್ಸೆಯದೂ ಮರುಚಿಕಿತ್ಸೆಯದೂ ಲೆಕ್ಕ ಒಂದೇ. ಆದರೆ ಹಲ್ಲು ಉಳಿಯುವುದು ಬೇರೆ, ಬೇರಿನ ತುದಿಯ ಸೋಂಕು ಪೂರ್ತಿ ವಾಸಿಯಾಗುವುದು ಬೇರೆ. ವಾಸಿಯಾದ ಬೇರುಗಳು ಮೊದಲ ಸಲದಲ್ಲಿ ಶೇ 83, ಎರಡನೇ ಸಲದಲ್ಲಿ ಶೇ 80. ಟೊರಾಂಟೊದಲ್ಲಿ ಮರುಚಿಕಿತ್ಸೆಯಾದ ಹಲ್ಲುಗಳನ್ನು ನಾಲ್ಕರಿಂದ ಆರು ವರ್ಷ ಹಿಂಬಾಲಿಸಿ ನೋಡಿದಾಗ, ಬೇರಿನ ತುದಿಯಲ್ಲಿ ಮೊದಲು ಸೋಂಕಿಲ್ಲದ ಹಲ್ಲುಗಳಲ್ಲಿ ಶೇ 93, ಸೋಂಕಿದ್ದವುಗಳಲ್ಲಿ ಶೇ 80 ಗುಣವಾಗಿದ್ದವು. ನಿಮ್ಮ ಗುಳ್ಳೆ ಬೇರಿನ ತುದಿಯಿಂದಲೇ ಬರುತ್ತಿದ್ದರೆ ನೀವು ಎರಡನೇ ಗುಂಪಿಗೆ ಸೇರುತ್ತೀರಿ.

ಇದು ಸರಾಸರಿ. ನಿಮ್ಮ ಹಲ್ಲಿನ ಭವಿಷ್ಯ ನಿಂತಿರುವುದು ಮೊದಲ ಚಿಕಿತ್ಸೆ ಯಾಕೆ ಕೆಟ್ಟಿತು ಎಂಬುದರ ಮೇಲೆ. ಮೇಲಿನ ಮೊದಲ ದವಡೆ ಹಲ್ಲಿಗೆ ಮೂರು ಬೇರು. ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಬಹುಪಾಲು ಜನರಿಗೆ ಎರಡು ನಾಳ (ನರ ಇರುವ ಸಣ್ಣ ಕೊಳವೆ) ಇರುತ್ತವೆ. ಆ ಎರಡನೆಯದು ಕೂದಲೆಳೆಯಷ್ಟು ಸಣ್ಣದು, ಬಾಯಿ ಮುಚ್ಚಿಕೊಂಡೂ ಇರಬಹುದು. ಮೈಕ್ರೋಸ್ಕೋಪ್ ಇಲ್ಲದೆ ಹುಡುಕಿದರೆ ತಪ್ಪಿಹೋಗುವುದು ಸಾಮಾನ್ಯ. ಹೀಗೆ ಬಿಟ್ಟುಹೋದ ನಾಳವೇ ಕಾರಣವಾಗಿದ್ದರೆ ಮರುಚಿಕಿತ್ಸೆಗೆ ಒಳ್ಳೆಯ ಅವಕಾಶವಿದೆ, ಏಕೆಂದರೆ ಸರಿಪಡಿಸಬಹುದಾದ ಜಾಗ ಸಿಕ್ಕಿದೆ. ಹಳೆಯ ಫಿಲ್ಲಿಂಗ್ ಬೇರಿನ ತುದಿಗಿಂತ ಬಹಳ ಮೊದಲೇ ನಿಂತಿದ್ದರೂ ಇದೇ ಮಾತು.

ಕೆಟ್ಟ ಸನ್ನಿವೇಶ ಬೇರೆಯದು. ಮೊದಲ ಸಲ ಫೈಲ್ (ನಾಳ ಕೆರೆಯುವ ಸೂಜಿಯಂಥ ಉಪಕರಣ) ದಾರಿ ತಪ್ಪಿ ಗೋಡೆಯಲ್ಲಿ ಮೆಟ್ಟಿಲು ಮಾಡಿದ್ದರೆ, ಇಲ್ಲವೆ ಬೇರನ್ನು ತೂತು ಮಾಡಿದ್ದರೆ, ನಾಳದ ಸಹಜ ಆಕಾರವೇ ಹಾಳಾಗಿರುತ್ತದೆ. 2004ರ ಇಟಲಿಯ ಅಧ್ಯಯನವೊಂದರಲ್ಲಿ ಆಕಾರ ಉಳಿದಿದ್ದ ಹಲ್ಲುಗಳಲ್ಲಿ ಸುಮಾರು ಶೇ 87 ಯಶಸ್ಸು ಸಿಕ್ಕರೆ, ಕೆಟ್ಟಿದ್ದವುಗಳಲ್ಲಿ ಶೇ 47 ಮಾತ್ರ. ಬೇರು ಉದ್ದುದ್ದಕ್ಕೆ ಸೀಳಿದ್ದರೆ ಯಾವ ಚಿಕಿತ್ಸೆಯೂ ನಿಲ್ಲದು, ಕೀಳಿಸುವುದೇ ದಾರಿ.

ಹಾಗಾಗಿ ದುಡ್ಡು ಕಟ್ಟುವ ಮುಂಚೆ ಎರಡು ಪರೀಕ್ಷೆ ಮಾಡಿಸಿ. ಗುಳ್ಳೆಯ ಬಾಯೊಳಗೆ ತೆಳ್ಳನೆಯ ಗಟ್ಟಾಪರ್ಚಾ (ನಾಳ ತುಂಬಲು ಬಳಸುವ ರಬ್ಬರಿನಂಥ ವಸ್ತು) ಕಡ್ಡಿ ತೂರಿಸಿ ಎಕ್ಸ್‌ರೇ ತೆಗೆದರೆ ಕೀವು ಯಾವ ಬೇರಿನಿಂದ ಬರುತ್ತಿದೆ ಎಂದು ಕಡ್ಡಿಯೇ ತೋರಿಸುತ್ತದೆ. ಎರಡನೆಯದು, ವಸಡಿನ ಸುತ್ತ ಅಳತೆಗೋಲಿನಿಂದ ಆಳ ನೋಡುವುದು. ಸುತ್ತಲೂ 2–3 ಮಿ.ಮೀ. ಇದ್ದು ಒಂದೇ ಕಡೆ ಇದ್ದಕ್ಕಿದ್ದಂತೆ 8–9 ಮಿ.ಮೀ. ಇಳಿದರೆ ಬೇರು ಸೀಳಿರುವ ಸಂಶಯ ಬಲವಾಗುತ್ತದೆ. ಇದಾದ ಮೇಲೂ ಅನುಮಾನ ಉಳಿದರೆ ಆ ಹಲ್ಲಿಗಷ್ಟೇ ಸಣ್ಣ ಸಿಬಿಸಿಟಿ (ಮೂರು ಆಯಾಮದ ಎಕ್ಸ್‌ರೇ) ಸ್ಕ್ಯಾನ್ ಸಾಕು.

ಕೆಲಸ ಶುರುವಾದಾಗ ಕ್ಯಾಪ್ ತೆಗೆಸುವುದೇ ಮೇಲು. ಕ್ಯಾಪ್‌ಗೆ ತೂತು ಕೊರೆದು ಒಳಗೆ ಹೋದರೆ ಖರ್ಚು ಉಳಿಯುತ್ತದೆ ನಿಜ, ಆದರೆ ಕೆಳಗಿನ ಹುಳುಕೂ ಬಿರುಕೂ ಕಾಣದೆ ಉಳಿಯುತ್ತವೆ. ರಬ್ಬರ್ ಡ್ಯಾಮ್ (ಹಲ್ಲಿನ ಸುತ್ತ ಎಂಜಲು ತಡೆಯುವ ತೆಳು ರಬ್ಬರ್ ಹಾಳೆ) ಹಾಕದೆ ಮಾಡುವುದಕ್ಕೆ ಒಪ್ಪಬೇಡಿ. ಎಂಜಲು ಒಳಗೆ ಹೋದರೆ ಹೊಸ ಸೋಂಕನ್ನು ನಾವೇ ಕೂರಿಸಿದಂತೆ. ಹಳೆಯ ಗಟ್ಟಾಪರ್ಚಾ ತೆಗೆದು, ಬಿಟ್ಟುಹೋದ ನಾಳ ಹುಡುಕಿ, ಸೋಡಿಯಂ ಹೈಪೋಕ್ಲೋರೈಟಿನಿಂದ ಚೆನ್ನಾಗಿ ತೊಳೆದು, ಕೊನೆಗೆ ನಾಳದ ಗೋಡೆಗೆ ಅಂಟಿದ ಪುಡಿಯನ್ನು ಕರಗಿಸುವ ಶೇ 17ರ ಇಡಿಟಿಎ ದ್ರಾವಣ ಹಾಯಿಸಬೇಕು. ಕೀವಿರುವ ಹಲ್ಲಿನಲ್ಲಿ ಒಂದೆರಡು ವಾರ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಔಷಧಿ ತುಂಬಿಟ್ಟು, ಗುಳ್ಳೆ ಮುಚ್ಚಿದ ಮೇಲೆ ಕೊನೆಯ ಫಿಲ್ಲಿಂಗ್ ಮಾಡುವುದು ನಮ್ಮ ಮೆಚ್ಚಿನ ಕ್ರಮ. ನಡುವೆ ಆ್ಯಂಟಿಬಯೋಟಿಕ್ ನುಂಗುವುದರಿಂದ ಗುಳ್ಳೆ ಗುಣವಾಗದು. ನರ ಸತ್ತ ನಾಳದೊಳಗೆ ರಕ್ತವೇ ಹರಿಯದಿರುವಾಗ ಔಷಧಿ ಎಲ್ಲಿಂದ ತಲುಪಬೇಕು? ಮುಖ ಊದಿಕೊಂಡು ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಮಾತ್ರ ಮಾತು ಬೇರೆ: ಆಗ ಅದೇ ದಿನ ಆಸ್ಪತ್ರೆಗೆ ಹೋಗಿ.

ಇಂಪ್ಲಾಂಟ್ ಓಡಿಹೋಗುವುದಿಲ್ಲ. ವಸಡಿನ ಮೇಲೆ ಗಟ್ಟಿ ಹಲ್ಲು ಸುತ್ತಲೂ 2 ಮಿ.ಮೀ.ನಷ್ಟಾದರೂ ಉಳಿದಿದ್ದು, ಬೇರು ಸೀಳಿಲ್ಲದಿದ್ದರೆ ನಮ್ಮ ಮತ ಮರುಚಿಕಿತ್ಸೆಗೇ. ಅದನ್ನು ರೂಟ್ ಕೆನಾಲ್‌ನಲ್ಲೇ ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಮಾಡಿದವರ ಕೈಲಿ, ಮೈಕ್ರೋಸ್ಕೋಪ್ ಇರುವಲ್ಲಿ ಮಾಡಿಸಿ. ನಿಮ್ಮ ಕಡೆಯವರಿಗೆ ಹಾಸನದ ಡೆಂಟಲ್ ಕಾಲೇಜಿನಲ್ಲೂ ವಿಚಾರಿಸಬಹುದು. ಅಂದಹಾಗೆ, ಗೋಟಡಿಕೆ ಕಡಿಯುವ ಅಭ್ಯಾಸವಿದ್ದರೆ ಆ ಪಕ್ಕದಲ್ಲಿ ಇನ್ನು ಬೇಡ.

ಪ್ರಶ್ನೆ: ಕೆಳಗಿನ ಹಲ್ಲಿಗೆ ಮರು ರೂಟ್ ಕೆನಾಲ್ ಆಗಿ ಹದಿನಾಲ್ಕು ತಿಂಗಳಾಯಿತು. ನೋವಿಲ್ಲ, ಆದರೆ ಎಕ್ಸ್‌ರೇಯಲ್ಲಿ ಬೇರಿನ ತುದಿಯ ಕಪ್ಪು ಇನ್ನೂ ಇದೆ. ಮೊದಲಿಗಿಂತ ಸಣ್ಣದಾಗಿದೆ ಎನ್ನುತ್ತಾರೆ. ನನಗೆ ಸಕ್ಕರೆ ಕಾಯಿಲೆಯೂ ಇದೆ. ಚಿಕಿತ್ಸೆ ಸೋತಿತೇ?
– ಓದುಗರು, ಅರಸೀಕೆರೆ

ಉತ್ತರ: ಇಲ್ಲ. ಆ ಕಪ್ಪು ಎಂದರೆ ಸೋಂಕಿನಿಂದ ಮೂಳೆ ಕರಗಿದ ಜಾಗ, ಅಲ್ಲಿ ಮೂಳೆ ತುಂಬಿಕೊಳ್ಳುವುದು ನಿಧಾನ. ನಾಲ್ಕು ವರ್ಷದವರೆಗೂ ಕಾಯಬಹುದು ಎಂಬುದು ಯುರೋಪಿನ ತಜ್ಞರ ಸಂಘದ ಮಾರ್ಗಸೂಚಿ. ಕಪ್ಪು ಕುಗ್ಗುತ್ತಿದ್ದರೆ ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಿ ನೋಡಿ. ಹಳೆಯ ಚಿತ್ರಗಳನ್ನು ಜೋಪಾನವಾಗಿಟ್ಟು ಒಯ್ಯಿರಿ, ಹೊಸದನ್ನು ಅದೇ ಕೋನದಲ್ಲಿ ತೆಗೆಯಲು ಹೇಳಿ. ಕೋನ ಬದಲಾದರೆ ಅದೇ ಗಾತ್ರದ ಕಪ್ಪು ದೊಡ್ಡದಾಗಿಯೋ ಸಣ್ಣದಾಗಿಯೋ ಕಾಣುತ್ತದೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಗುಣವಾಗುವುದು ತಡವಾಗುತ್ತದೆ, ಆದ್ದರಿಂದ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ವರದಿಯನ್ನೂ ದಂತವೈದ್ಯರಿಗೆ ತೋರಿಸಿ.

ಕಪ್ಪು ಬೆಳೆದರೆ, ಅಥವಾ ಗುಳ್ಳೆಯೋ ಊತವೋ ಮರಳಿದರೆ, ಮೂರನೇ ಸಲ ಮೇಲಿಂದ ತೆರೆಯುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ವಸಡು ಬಿಡಿಸಿ ಬೇರಿನ ತುದಿಯ 3 ಮಿ.ಮೀ. ಕತ್ತರಿಸಿ, ಅಲ್ಲಿಂದ ಒಳಕ್ಕೆ 3 ಮಿ.ಮೀ. ಕೊರೆದು ಎಂಟಿಎ ಎಂಬ ಸಿಮೆಂಟ್ ತುಂಬುವ ಸಣ್ಣ ಶಸ್ತ್ರಚಿಕಿತ್ಸೆ ಇದೆ. ಕೆಳಗಿನ ದವಡೆಯ ಹಿಂಭಾಗದಲ್ಲಿ ತುಟಿಗೆ ಹೋಗುವ ನರ ಹತ್ತಿರವಿರುವುದರಿಂದ ಅದಕ್ಕೆ ಮುಂಚೆ ಸಿಬಿಸಿಟಿ ಬೇಕೇ ಬೇಕು.

ಪ್ರಶ್ನೆ: ಮರುಚಿಕಿತ್ಸೆ ಮುಗಿದಿದೆ. ಕಾಫಿ ಕೊಯ್ಲು ಮುಗಿದ ಮೇಲೆ ಕ್ಯಾಪ್ ಹಾಕಿಸಿದರೆ ಆಗದೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಆಗದು. ತಾತ್ಕಾಲಿಕ ಸಿಮೆಂಟ್ ಕೆಲವು ವಾರಗಳ ಮಟ್ಟಿಗಷ್ಟೇ. ಅದು ಸವೆದರೆ ಎಂಜಲು ನಾಳಕ್ಕಿಳಿದು ಸೋಂಕು ಮತ್ತೆ ಹತ್ತುತ್ತದೆ, ಹಲ್ಲೂ ಸೀಳಬಹುದು. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಕ್ಯಾಪ್ ಹಾಕಿಸದ ರೂಟ್ ಕೆನಾಲ್ ಹಲ್ಲುಗಳು ಹಾಕಿಸಿದವುಗಳಿಗಿಂತ ಆರು ಪಟ್ಟು ಹೆಚ್ಚಾಗಿ ಕಳೆದುಹೋಗಿದ್ದವು. ಕೊಯ್ಲು ಬಿಟ್ಟು ಬರಲಾಗದಿದ್ದರೆ ಈ ವಾರ ಒಂದೇ ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ, ಸಿಮೆಂಟ್ ತೆಗೆಸಿ ಕಾಂಪೋಸಿಟ್ ಫಿಲ್ಲಿಂಗ್ ಹಾಕಿಸಿ, ಹಲ್ಲಿನ ಮೊನೆಗಳನ್ನು ತುಸು ತಗ್ಗಿಸಲು ಹೇಳಿ. ಕ್ಯಾಪ್ ಬರುವವರೆಗೂ ಇನ್ನೊಂದು ಪಕ್ಕದಲ್ಲೇ ಅಗಿಯಿರಿ.