ಓದುಗರ ಪ್ರಶ್ನೆ: ಸಕ್ಕರೆ ಕಾಯಿಲೆಯ ಕಣ್ಣಿಗೆ ಲೇಸರೋ, ಇಂಜೆಕ್ಷನ್ನೋ?

ಪ್ರಶ್ನೆ: ನಮ್ಮ ತಾಯಿಯವರಿಗೆ 56 ವರ್ಷ. ಸಕ್ಕರೆ ಕಾಯಿಲೆ ಬಂದು ಹದಿಮೂರು ವರ್ಷಗಳಾಗಿವೆ. ಬಲಗಣ್ಣಿನ ರೆಟಿನಾದಲ್ಲಿ (ಕಣ್ಣಿನ ಹಿಂಭಾಗದ ಪರದೆ) ಹೊಸ ರಕ್ತನಾಳಗಳು ಬೆಳೆದಿವೆ, ಮಧ್ಯಭಾಗದಲ್ಲಿ ಊತವಿಲ್ಲ ಎಂದು ಕಲಬುರಗಿಯ ಕಣ್ಣಿನ ವೈದ್ಯರು ತಿಳಿಸಿ, ಲೇಸರ್ ಅಥವಾ ಇಂಜೆಕ್ಷನ್ ಎರಡರಲ್ಲೊಂದನ್ನು ಮಾಡಬಹುದು ಎಂದಿದ್ದಾರೆ. ಲೇಸರ್ ಹಳೆಯದು, ಇಂಜೆಕ್ಷನ್ನೇ ಮೇಲು ಎಂದು ಬಂಧುಗಳು ಹೇಳುತ್ತಾರೆ. ತೊಗರಿ ರಾಶಿ ಮುಗಿದ ಮೇಲೆ ನಾವೆಲ್ಲ ದುಡಿಯಲು ಪುಣೆಗೆ ಹೋಗುವವರು. ಯಾವುದನ್ನು ಆರಿಸಬೇಕು?
– ಓದುಗರು, ಚಿಂಚೋಳಿ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ಚಿಕಿತ್ಸೆಯ ಆಯ್ಕೆಗೆ ಬಹುಮುಖ್ಯವಾದದ್ದು ಪುಣೆಯ ಮಾತು. ಅದನ್ನು ನಿಮ್ಮ ವೈದ್ಯರಿಗೆ ಹೇಳಿದ್ದೀರೋ ಇಲ್ಲವೋ ತಿಳಿಯದು. ಹೇಳದಿದ್ದರೆ ಮೊದಲು ಹೇಳಿ.

ಬಹುಕಾಲ ಹೆಚ್ಚಿದ ಸಕ್ಕರೆಯಿಂದ ರೆಟಿನಾದ ಸೂಕ್ಷ್ಮ ರಕ್ತನಾಳಗಳು ಮುಚ್ಚಿಹೋದಾಗ, ಆಮ್ಲಜನಕ ಸಾಲದ ಭಾಗದಿಂದ ವಿಇಜಿಎಫ್ ಎಂಬ ಪ್ರೋಟೀನ್ ಹೊರಬಿದ್ದು ಹೊಸ ನಾಳಗಳನ್ನು ಬೆಳೆಸುತ್ತದೆ. ಇವು ದುರ್ಬಲವಾದ ನಾಳಗಳು. ಒಡೆದು ಕಣ್ಣೊಳಗೆ ರಕ್ತ ಸೋರಬಹುದು, ಇಲ್ಲವೇ ಗಾಯದ ಪೊರೆಯಂತಾಗಿ ರೆಟಿನಾವನ್ನೇ ಎಳೆದು ಬಿಡಿಸಬಹುದು. ಲೇಸರ್ ರೆಟಿನಾದ ಅಂಚಿನ ಭಾಗವನ್ನು ಸುಟ್ಟು ಆಮ್ಲಜನಕದ ಬೇಡಿಕೆಯನ್ನೇ ತಗ್ಗಿಸುವುದರಿಂದ ಅದರ ಪರಿಣಾಮ ಬಹುಕಾಲ ಉಳಿಯುತ್ತದೆ. ಇಂಜೆಕ್ಷನ್ ಆ ಪ್ರೋಟೀನನ್ನು ತಡೆಯುತ್ತದೆ, ಆದರೆ ಔಷಧ ಇಳಿದಂತೆ ನಾಳಗಳು ಮತ್ತೆ ಚಿಗುರಬಹುದು.

ಲೇಸರ್ ಹಳೆಯದೆಂಬುದು ನಿಜ. ಅಮೆರಿಕದಲ್ಲಿ 1,700ಕ್ಕೂ ಹೆಚ್ಚು ರೋಗಿಗಳ ಒಂದು ಕಣ್ಣಿಗೆ ಲೇಸರ್ ಮಾಡಿ, ಇನ್ನೊಂದನ್ನು ಹಾಗೆಯೇ ಬಿಟ್ಟು ಹೋಲಿಸಿದ ಅಧ್ಯಯನವು, ತೀವ್ರ ದೃಷ್ಟಿನಾಶದ ಅಪಾಯ ಲೇಸರ್‌ನಿಂದ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ ಎಂದು 1976ರಲ್ಲೇ ತೋರಿಸಿತು. 2015ರಲ್ಲಿ ಪ್ರಕಟವಾದ ‘ಪ್ರೋಟೊಕಾಲ್ ಎಸ್’ ಎಂಬ ಪ್ರಯೋಗದಲ್ಲಿ ಇದೇ ಲೇಸರನ್ನು ರಾನಿಬಿಜುಮ್ಯಾಬ್ ಇಂಜೆಕ್ಷನ್ನಿನೊಂದಿಗೆ ಹೋಲಿಸಿದರು. ಎರಡು ವರ್ಷಗಳ ಬಳಿಕ ಇಂಜೆಕ್ಷನ್ ಪಡೆದವರ ದೃಷ್ಟಿ ಲೇಸರ್ ಪಡೆದವರಿಗಿಂತ ಕಡಿಮೆಯಿರಲಿಲ್ಲ. ಐದು ವರ್ಷಗಳ ಕೊನೆಗೆ ಎರಡೂ ಗುಂಪು ಹೆಚ್ಚುಕಡಿಮೆ ಸಮಸಮವಾಗಿದ್ದವು. ಆದರೆ ಇಂಜೆಕ್ಷನ್ ಗುಂಪಿಗೆ ಆ ಐದು ವರ್ಷಗಳಲ್ಲಿ ಸರಾಸರಿ 19 ಚುಚ್ಚುಮದ್ದು ಬೇಕಾದವು. ಪ್ರಯೋಗದ ರೋಗಿಗಳನ್ನು ಕರೆದು ನೆನಪಿಸುವವರಿರುತ್ತಾರೆ. ನಮ್ಮಲ್ಲಿ ಸುಗ್ಗಿ, ಮದುವೆ, ಊರು ಬಿಡುವುದು ಇವೆಲ್ಲ ನಡುವೆ ಬರುತ್ತವೆ.

ಫಿಲಡೆಲ್ಫಿಯಾದ ವೈದ್ಯರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಗೆಯ ರೋಗಿಗಳದ್ದೇ. ಚಿಕಿತ್ಸೆಯ ಬಳಿಕ ಆರು ತಿಂಗಳಿಗೂ ಹೆಚ್ಚು ಕಾಲ ಕಾಣಿಸಿಕೊಳ್ಳದೆ ಮತ್ತೆ ಬಂದವರಲ್ಲಿ, ಬರೀ ಇಂಜೆಕ್ಷನ್ ಪಡೆದಿದ್ದ ಕಣ್ಣುಗಳು ಲೇಸರ್ ಪಡೆದಿದ್ದ ಕಣ್ಣುಗಳಿಗಿಂತ ಹೆಚ್ಚು ಹಾಳಾಗಿದ್ದವು, ರೆಟಿನಾ ಬಿಟ್ಟುಕೊಂಡ ಪ್ರಕರಣಗಳೂ ಅವರಲ್ಲೇ ಹೆಚ್ಚಿದ್ದವು. ಅದು ಸಣ್ಣ ಅಧ್ಯಯನವೇ ಸರಿ, ಆದರೂ ನಿಮ್ಮಂಥ ಮನೆಗೆ ಅದರ ಮಾತು ದೊಡ್ಡದು. ವರ್ಷದಲ್ಲಿ ಹಲವು ತಿಂಗಳು ಊರಲ್ಲಿರದವರಿಗೆ ಲೇಸರೇ ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ. ಲೇಸರ್ ಪೂರ್ತಿಯಾಗುವವರೆಗೆ ಪ್ರಯಾಣ ಮುಂದೂಡಿ. ಪಕ್ಕದ ನೋಟ ಮತ್ತು ರಾತ್ರಿಯ ನೋಟ ಸ್ವಲ್ಪ ಕುಗ್ಗಬಹುದು ಎಂಬುದನ್ನು ತಾಯಿಯವರಿಗೆ ಮೊದಲೇ ತಿಳಿಸಿ. ಎಡಗಣ್ಣನ್ನೂ ಪರೀಕ್ಷಿಸಿರಲೇಬೇಕು, ಅದರ ವರದಿಯನ್ನೂ ಕೇಳಿ ಪಡೆಯಿರಿ.

ಪ್ರಶ್ನೆ: ನಾನು ಶಿಕ್ಷಕ, ವಯಸ್ಸು 49. ಸ್ಕ್ಯಾನಿನಲ್ಲಿ ರೆಟಿನಾದ ನಡುಭಾಗಕ್ಕೆ ಊತ ಬಂದಿದೆ, ಆದರೆ ನೋಟ 6/6 ಇದೆ. ವೈದ್ಯರು ಈಗೇನೂ ಬೇಡ, ಎರಡು ತಿಂಗಳ ನಂತರ ಬನ್ನಿ ಎಂದರು. ಇದು ಅಲಕ್ಷ್ಯವಲ್ಲವೇ?
– ಓದುಗರು, ಆಳಂದ

ಉತ್ತರ: ಅಲ್ಲ. ನೋಟ ಚೆನ್ನಾಗಿರುವಾಗಲೇ ಊತ ಕಂಡ 702 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಇಂಜೆಕ್ಷನ್, ಒಂದಕ್ಕೆ ಲೇಸರ್, ಇನ್ನೊಂದಕ್ಕೆ ಬರೀ ನಿಗಾ ಎಂದು ಪ್ರಯೋಗ ನಡೆಸಿ 2019ರಲ್ಲಿ ಪ್ರಕಟಿಸಿದರು. ಎರಡು ವರ್ಷಗಳಲ್ಲಿ ಅಕ್ಷರ ಫಲಕದ ಒಂದು ಸಾಲಿನಷ್ಟಾದರೂ ನೋಟ ಕಳೆದುಕೊಂಡವರು ಕ್ರಮವಾಗಿ ಶೇ. 16, 17 ಮತ್ತು 19. ಈ ಅಂತರ ಗಣನೀಯವಲ್ಲ. ಆದರೆ ನಿಗಾ ಗುಂಪಿನ ಶೇ. 34 ಜನರಿಗೆ ನೋಟ ತಗ್ಗಿದ್ದರಿಂದ ಮುಂದೆ ಇಂಜೆಕ್ಷನ್ ಕೊಡಬೇಕಾಯಿತು. ಆದ್ದರಿಂದ ಎರಡು ತಿಂಗಳು ಎಂದರೆ ಎರಡೇ ತಿಂಗಳು.

ಪ್ರಶ್ನೆ: ಇನ್ಸುಲಿನ್ ಶುರು ಮಾಡಿ ಶುಗರ್ ಬೇಗ ಹತೋಟಿಗೆ ಬಂತು. ಆದರೆ ಕಣ್ಣು ಮೊದಲಿಗಿಂತ ಕೆಟ್ಟಿದೆ ಎಂದರು. ಔಷಧ ಬಿಡಲೇ?
– ಓದುಗರು, ಸೇಡಂ

ಉತ್ತರ: ಬಿಡಬೇಡಿ. 1993ರಲ್ಲಿ ಪ್ರಕಟವಾದ, ಸಕ್ಕರೆ ಹತೋಟಿಯ ಪರಿಣಾಮವನ್ನು ಪರೀಕ್ಷಿಸಿದ ಡಿಸಿಸಿಟಿ ಎಂಬ ಅಧ್ಯಯನದಲ್ಲೂ ಸಕ್ಕರೆಯನ್ನು ಬಿಗಿಯಾಗಿ ಹತೋಟಿಗೆ ತಂದ ಕೆಲವರಲ್ಲಿ ಮೊದಲ ವರ್ಷ ಹೀಗೆ ಆಗಿತ್ತು. ಮುಂದಿನ ವರ್ಷಗಳಲ್ಲಿ ಅದೇ ಗುಂಪಿನ ಕಣ್ಣುಗಳು ಹೆಚ್ಚು ಉಳಿದವು. ಈ ವರ್ಷ ಮಾತ್ರ ಕಣ್ಣಿನ ಪರೀಕ್ಷೆ ಬೇಗಬೇಗ ಆಗಬೇಕು. ಪಾಪೆ ಹಿಗ್ಗಿಸುವ ಹನಿ ಹಾಕಿದ ದಿನ ಕೆಲವು ಗಂಟೆ ಕಣ್ಣು ಮಂಜಾಗುವುದರಿಂದ, ಬೈಕ್ ಬಿಟ್ಟು ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.