ಹಳೆಯ ಸರ್ವರ್‌ನಲ್ಲಿ ನಡೆಯುತ್ತಿದ್ದ ಪಿಎಚ್‌ಪಿ ಲಾಗಿನ್ ಹೊಸ ಸರ್ವರ್‌ನಲ್ಲಿ ಬಿಳಿ ಪುಟ ತೋರಿಸುವುದೇಕೆ?

ಒಂದಕ್ಷರವನ್ನೂ ಬದಲಿಸದೆ ಪಿಎಚ್‌ಪಿ (ಸರ್ವರ್‌ನಲ್ಲಿ ಓಡಿ ವೆಬ್ ಪುಟ ಸಿದ್ಧಪಡಿಸುವ ಭಾಷೆ) ಸ್ಕ್ರಿಪ್ಟನ್ನು ಹೊಸ ಸರ್ವರ್‌ಗೆ ಹಾಕಿದ್ದೀರಿ, ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಆದೊಡನೆ ಬರೀ ಬಿಳಿ ಪುಟ ಬರುತ್ತಿದೆ ಎಂದು ಕೇಳಿದ್ದೀರಿ. ಕನ್ನಡ ಸಂದೇಶಗಳಿರುವ ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲನ್ನು ಹಿಂದೊಮ್ಮೆ ಹಳೆಯ ವಿಂಡೋಸ್ ಕಂಪ್ಯೂಟರಿನ ನೋಟ್‌ಪ್ಯಾಡ್‌ನಲ್ಲಿ ತಿದ್ದಿದ್ದಾಗಿಯೂ ತಿಳಿಸಿದ್ದೀರಿ. ನನ್ನ ಅನುಮಾನವೆಲ್ಲ ಆ ಫೈಲಿನ ಮೇಲೆಯೇ ಇದೆ, ಏಕೆಂದರೆ ಗ್ರಂಥಾಲಯವೊಂದರ ಸದಸ್ಯರ ಪುಟವನ್ನು ಸ್ಥಳಾಂತರಿಸುವಾಗ ಇದೇ ತೊಂದರೆಗೆ ನಾನು ಎರಡು ದಿನ ಕಳೆದಿದ್ದೇನೆ.

ಹಳೆಯ ನೋಟ್‌ಪ್ಯಾಡ್‌ನಲ್ಲಿ ಆನ್ಸಿ ಎಂಬ ಹಳೆಯ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಉಳಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಆದ್ದರಿಂದ ನಾವು ಎಲ್ಲ ಭಾಷೆಗಳ ಅಕ್ಷರಗಳನ್ನೂ ಹಿಡಿಸುವ ಯುಟಿಎಫ್-8 ಆರಿಸುತ್ತೇವೆ. ಆಗ ಫೈಲಿನ ಮೊದಲಿಗೆ ಬಿಒಎಂ ಎಂಬ, ಕಣ್ಣಿಗೆ ಕಾಣದ 3 ಬೈಟ್‌ಗಳು ಸೇರಿಕೊಳ್ಳುತ್ತವೆ. 2019ರ ವಿಂಡೋಸ್ 10 ಅಪ್‌ಡೇಟ್‌ನಿಂದೀಚೆಗಷ್ಟೇ ನೋಟ್‌ಪ್ಯಾಡ್ ತಾನಾಗಿ ಬಿಒಎಂ ಸೇರಿಸುವುದನ್ನು ಬಿಟ್ಟಿದೆ. ಪಿಎಚ್‌ಪಿಗೆ ಆ 3 ಬೈಟ್‌ಗಳೂ ಬ್ರೌಸರ್‌ಗೆ ಕಳುಹಿಸಬೇಕಾದ ಔಟ್‌ಪುಟ್ಟೇ. ಔಟ್‌ಪುಟ್ ಒಮ್ಮೆ ಹೊರಬಿದ್ದ ಮೇಲೆ ಲಾಗಿನ್ ಆದವರನ್ನು ನೆನಪಿಡುವ ಸೆಷನ್ ಕುಕಿಯನ್ನಾಗಲಿ, ಮುಂದಿನ ಪುಟಕ್ಕೆ ಕಳುಹಿಸುವ ಲೊಕೇಶನ್ ಹೆಡರನ್ನಾಗಲಿ ಕಳುಹಿಸಲು ಬರುವುದಿಲ್ಲ, ಏಕೆಂದರೆ ಹೆಡರ್‌ಗಳೆಂದರೆ ಪುಟಕ್ಕಿಂತ ಮೊದಲೇ ಹೋಗಬೇಕಾದ ಮಾಹಿತಿ ಸಾಲುಗಳು.

ಹಾಗಿದ್ದರೆ ಹಳೆಯ ಸರ್ವರ್‌ನಲ್ಲಿ ಹೇಗೆ ನಡೆಯಿತು? ಪಿಎಚ್‌ಪಿಯ ಜೊತೆಗೆ ಬರುವ ಮಾದರಿ ಐಎನ್‌ಐ (ಸೆಟ್ಟಿಂಗ್) ಫೈಲ್‌ಗಳಲ್ಲಿ ಔಟ್‌ಪುಟ್ ಬಫರಿಂಗ್, ಅಂದರೆ ಔಟ್‌ಪುಟ್ಟನ್ನು ಕಳುಹಿಸುವ ಮುನ್ನ ಕೂಡಿಟ್ಟುಕೊಳ್ಳುವ ಜಾಗ, 4096 ಬೈಟ್ ಎಂದಿರುತ್ತದೆ, ಐಎನ್‌ಐನಲ್ಲಿ ಆ ಸಾಲೇ ಇಲ್ಲದಿದ್ದರೆ ಅದರ ಬೆಲೆ ಸೊನ್ನೆ, ಅಂದರೆ ಬಫರ್ ಇಲ್ಲ. ಬಫರ್ ಇದ್ದಲ್ಲಿ ಆ 3 ಬೈಟ್‌ಗಳು ಒಳಗೇ ಕಾದು ಕುಳಿತಿರುತ್ತವೆ, ಹೆಡರ್‌ಗಳು ಮೊದಲು ಹೋಗುತ್ತವೆ, ತಪ್ಪು ಮುಚ್ಚಿಹೋಗುತ್ತದೆ. ಹೊಸ ಸರ್ವರ್‌ನಲ್ಲಿ ಬಫರ್ ಇಲ್ಲದಿರಬೇಕು, ಜೊತೆಗೆ ದೋಷಗಳನ್ನು ತೋರಿಸುವ ಡಿಸ್‌ಪ್ಲೇ ಎರರ್ಸ್ ಕೂಡ ಆಫ್ ಆಗಿರಬೇಕು. ಬಿಳಿ ಪುಟಕ್ಕೆ ಅದೇ ಕಾರಣ.

ಮೊದಲು ಎರಡೂ ಸರ್ವರ್‌ಗಳಲ್ಲಿ ಪಿಎಚ್‌ಪಿಯ ಸೆಟ್ಟಿಂಗ್‌ಗಳನ್ನೆಲ್ಲ ತೋರಿಸುವ ಪಿಎಚ್‌ಪಿಇನ್ಫೋ ಓಡಿಸಿ ಈ ಎರಡು ಬೆಲೆಗಳನ್ನು ಹೋಲಿಸಿ, ಆಮೇಲೆ ಆ ಪುಟವನ್ನು ತಪ್ಪದೆ ಅಳಿಸಿಬಿಡಿ. ಹೊಸ ಸರ್ವರಿನ ಎರರ್ ಲಾಗ್‌ನಲ್ಲಿ 'ಹೆಡರ್ಸ್ ಆಲ್ರೆಡಿ ಸೆಂಟ್' ಎಂಬ ಎಚ್ಚರಿಕೆ ಇದ್ದರೆ, ಔಟ್‌ಪುಟ್ ಯಾವ ಫೈಲಿನ ಎಷ್ಟನೆಯ ಸಾಲಿನಲ್ಲಿ ಶುರುವಾಯಿತು ಎಂಬುದೂ ಅಲ್ಲಿಯೇ ಇರುತ್ತದೆ. ಕಾನ್ಫಿಗ್ ಫೈಲಿನ 1ನೆಯ ಸಾಲು ಎಂದಿದ್ದರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಎನ್‌ಕೋಡಿಂಗ್ ಮೆನುವಿನಿಂದ ಅದನ್ನು ಬಿಒಎಂ ಇಲ್ಲದ ಯುಟಿಎಫ್-8ಗೆ ಬದಲಿಸಿ ಉಳಿಸಿ. ಕೊನೆಯ ಸಾಲು ಎಂದಿದ್ದರೆ, ಪಿಎಚ್‌ಪಿ ಮುಗಿಸುವ ಗುರುತಿನ (?>) ನಂತರ ಖಾಲಿ ಸಾಲುಗಳು ಉಳಿದಿವೆ ಎಂದರ್ಥ. ಬರೀ ಪಿಎಚ್‌ಪಿ ಇರುವ ಫೈಲಿನಲ್ಲಿ ಆ ಗುರುತನ್ನೇ ತೆಗೆದುಹಾಕಬಹುದು.

ಹೊಸ ಸರ್ವರ್‌ನಲ್ಲೂ ಬಫರಿಂಗ್ ಹಾಕಿಸಿ ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, 3 ಸಂಕೇತಗಳಿಂದಾದ 'ಕ್ಷ' ಒಂದಕ್ಕೇ 9. ಹೀಗಾಗಿ ಹೆಡರ್‌ಗೆ ಮುಂಚೆಯೇ ದೊಡ್ಡ ಸಂದೇಶವೊಂದು ಬಂದರೆ 4096 ಬೈಟ್‌ಗಳು ಬೇಗನೆ ತುಂಬಿ, ಅದೇ ತೊಂದರೆ ಕೆಲವೊಮ್ಮೆ ಮಾತ್ರ ಕಾಣಿಸಿಕೊಳ್ಳತೊಡಗುತ್ತದೆ, ಹುಡುಕುವುದು ಇನ್ನೂ ಕಷ್ಟವಾಗುತ್ತದೆ. ಲಾಗ್ ಬೇರೆ ಯಾವುದಾದರೂ ಫೈಲನ್ನು ತೋರಿಸಿದರೆ ಆ ಎಚ್ಚರಿಕೆಯ ಸಾಲನ್ನು ಪೂರ್ತಿಯಾಗಿ ಬರೆಯಿರಿ, ನೋಡಿ ಹೇಳುತ್ತೇನೆ.